ಮೊದಲೇ ಗಂಟು ಕಟ್ಟುವವರೊಡನೆ ಸಂಸಾರ

ವರ್ಗದ ನೌಕರಿಯವರ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ, ನಕ್ಕು ಸುಮ್ಮನಾಗಬೇಕು ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರಲ್ಲಿ ಒಬ್ಬರಾದರೂ ನಮ್ಮ ಯಜಮಾನರ ಜೊತೆ ಮನೆ ಬದಲಾಯಿಸಿದವರಲ್ಲ. ನಾನು ಬದಲಾಯಿಸಿದ್ದೇನೆ. ಐವತ್ತು ಅರವತ್ತರ ದಶಕಗಳಲ್ಲಿ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಎಂದು ಅವರ ಕಚೇರಿ ನಮ್ಮನ್ನು ಸುತ್ತಿಸಿತು. ಸುತ್ತಿದ್ದಕ್ಕೆ ನನಗೆ ಬೇಸರವಿಲ್ಲ. ನನ್ನ ಕೋಪವೆಲ್ಲ ಅವರು ಸಾಮಾನು ಕಟ್ಟುತ್ತಿದ್ದ ರೀತಿಯ ಮೇಲೆ.

"ಈಗ ಬೇಡದ್ದನ್ನ ಮೊದಲು ಕಟ್ಟಬೇಕು ಕಣೇ" ಎನ್ನುವುದು ಅವರ ಸಿದ್ಧಾಂತ. ಬೇಸಗೆಯಲ್ಲಿ ಕಂಬಳಿ ಬೇಡ, ಕಟ್ಟು. ಮಳೆಯಿಲ್ಲದಾಗ ಛತ್ರಿ ಬೇಡ, ಕಟ್ಟು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಆದರೆ ವರ್ಗದ ಸುದ್ದಿ ಕಚೇರಿಯಲ್ಲಿ ಯಾರಾದರೂ ಕೆಮ್ಮಿದರೂ ಹುಟ್ಟುತ್ತಿತ್ತು. ಆರ್ಡರ್ ಬರುವುದಕ್ಕೆ ಮಾತ್ರ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಕಾಲ ತಿರುಗಿ, ಬೇಡದ್ದೆಲ್ಲ ಬೇಕಾಗಿ, ಅದು ಮೂಟೆಯ ತಳದಲ್ಲಿ ಕೂತಿರುತ್ತಿತ್ತು.

ಎಲ್ಲಕ್ಕಿಂತ ಮೊದಲು ಮೂಟೆ ಸೇರುತ್ತಿದ್ದವು ನನ್ನ ದಸರಾ ಗೊಂಬೆಗಳು. ವರ್ಷಕ್ಕೊಂದು ಸಲ ತೆಗೆಯುವ ಸಾಮಾನಲ್ಲವೇ! ಮದುವೆಯಲ್ಲಿ ನಮ್ಮಮ್ಮ ಕೊಟ್ಟ ಪಟ್ಟದ ರಾಜ ರಾಣಿ ಅವು. ಮಗಳಿಗೆ ತಿಳಿವಳಿಕೆ ಬಂದ ಮೇಲೆ ನಮ್ಮ ಮನೆಯಲ್ಲಿ ಅವು ಒಮ್ಮೆಯೂ ಹಬ್ಬದ ಮೆಟ್ಟಿಲು ಹತ್ತಿರಲಿಲ್ಲ. ಪರರ ಮನೆಯ ಗೊಂಬೆ ನೋಡಿ ಬಂದು, "ನಮ್ಮವು ಹೆಂಗಿವೆ ಅಮ್ಮ?" ಎಂದು ಕೇಳುತ್ತಿದ್ದಳು. ನಗುವವರು ನಗಲಿ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗೌರಿಬಿದನೂರಿನ ಮೂಟೆ

ಗೌರಿಬಿದನೂರಿನ ಬಿಸಿಲು ಗೊತ್ತಿದ್ದವರಿಗೆ ಗೊತ್ತು. ಆ ಬಿಸಿಲಿನಲ್ಲಿ ಕೂತು ಯಜಮಾನರು ಮನೆಯ ಕಂಬಳಿ, ರಜಾಯಿ, ಸ್ವೆಟರುಗಳನ್ನೆಲ್ಲ ಒಂದು ಗೋಣಿಗೆ ತುಂಬಿ, ದಬ್ಬಳದಲ್ಲಿ ಬಾಯಿ ಹೊಲಿದು ಮೂಲೆಗೆ ತಳ್ಳಿದರು. ಮುಂದಿನ ತಿಂಗಳೇ ಹೊರಡುತ್ತೇವಂತೆ. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು, ಕೊರೆಯುವ ಚಳಿ ಬಂತು. ನಾವು ಅಲ್ಲೇ ಇದ್ದೆವು.

"ಮೂಟೆ ಬಿಚ್ಚಣ" ಎಂದೆ.

"ಬಿಚ್ಚಿದ ಮಾರನೇ ದಿನಾನೇ ಆರ್ಡರ್ ಬರುತ್ತೆ, ನೋಡ್ತಿರು" ಎಂದರು.

ಮಗಳು ಬಾಗಿಲಿನ ಪರದೆ ಹೊದ್ದು ಮಲಗಿದಳು. ನಾನು ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹೊದ್ದೆ. ಅದೇ ವಾರ ಊರಿನಿಂದ ನನ್ನ ಮೈದುನ ಬಂದ. ನೆಂಟನಿಗೆ ಹೊದೆಯಲು ಕೊಡಲು ಮನೆಯಲ್ಲಿ ಉಳಿದಿದ್ದು ಜಮಖಾನ ಒಂದೇ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಆತ ನಗುನಗುತ್ತಲೇ ಹೇಳಿದ: "ಜಮಖಾನದಿಂದ ಏನೂ ಆಗಲಿಲ್ಲ ಅತ್ತಿಗೆ. ಆ ಮೂಲೇಲಿರೋ ಮೂಟೆ ತಬ್ಬಿಕೊಂಡೆ ನೋಡಿ, ಬೆಚ್ಚಗೆ ನಿದ್ದೆ ಬಂತು. ಏನಿದೆ ಅದರೊಳಗೆ?"

ಯಜಮಾನರು ನನ್ನ ಮುಖ ನೋಡಿ, ತಮ್ಮನ ಮುಖ ನೋಡಿ, "ಹಳೇ ಪೇಪರು" ಎಂದರು.

ಛತ್ರಿಯ ಪ್ರಯಾಣ

ಚಿಂತಾಮಣಿಯಲ್ಲಿದ್ದಾಗ ಆರ್ಡರ್ ನಿಜವಾಗಿಯೇ ಬಂತು. ಆದರೆ ಹೊರಡಬೇಕಾದದ್ದು ಆಷಾಢದಲ್ಲಿ. ಆಷಾಢದಲ್ಲಿ ಹೊಸ ಮನೆಗೆ ಹೋಗುವುದುಂಟೇ? ಪುರೋಹಿತರು ಉಪಾಯ ಹೇಳಿದರು. ಆಷಾಢ ಹುಟ್ಟುವ ಮುಂಚೆ ಒಳ್ಳೆಯ ದಿನ ನೋಡಿ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಆವತ್ತೇ ಪ್ರಯಾಣ ಹೊರಟ ಹಾಗೆ. ಪರಸ್ಥಾನ ಇಡುವುದು ಎನ್ನುತ್ತಾರೆ ಇದನ್ನು. ಒಂದು ಪಂಚೆ, ಹಿಡಿ ಅಕ್ಕಿ, ಎಲೆ ಅಡಿಕೆ ಇಟ್ಟರೆ ಸಾಕು.

ನಮ್ಮವರಿಗೆ ಅಷ್ಟು ಸಾಲದು. "ಹೆಂಗೂ ಗಂಟು ಇಡ್ತೀವಲ್ಲ, ಈಗ ಬೇಡದ್ದನ್ನ ಅದರಲ್ಲೇ ಹಾಕಣ" ಎಂದು ಮನೆಯ ಛತ್ರಿಗಳನ್ನೆಲ್ಲ, ಮಗಳ ರೈನ್‌ಕೋಟನ್ನೂ ಸೇರಿಸಿ ಕಟ್ಟಿ ಎದುರು ಮನೆಯಾಕೆಯ ಹತ್ತಿರ ಕೊಟ್ಟು ಬಂದರು. ಆವತ್ತು ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ, ನಿಜ. ಮೂರು ದಿನ ಕಳೆದ ಮೇಲೆ ಹಿಡಿದ ಮಳೆ ಬಿಡಲೇ ಇಲ್ಲ. ಅತ್ತ ಕಚೇರಿಯಲ್ಲಿ ಇವರನ್ನೂ ಬಿಡಲಿಲ್ಲ.

ಛತ್ರಿ ತರುತ್ತೇನೆಂದು ಹೊರಟರೆ ಬಾಗಿಲಿಗೆ ಅಡ್ಡ ನಿಂತರು. "ಪರಸ್ಥಾನ ಇಟ್ಟಿದ್ದು ವಾಪಸ್ ಮನೆಯೊಳಕ್ಕೆ ತರಬಾರದು. ಹೊರಟಿದ್ದೇ ಸುಳ್ಳಾಗಿಬಿಡುತ್ತೆ!" ಅವರು ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಕಚೇರಿಗೆ ಹೋದರು. ಮಗಳು ಸ್ಲೇಟನ್ನು ತಲೆಯ ಮೇಲಿಟ್ಟುಕೊಂಡು ಶಾಲೆಗೆ ಓಡಿದಳು. ನಾನು ಸೆರಗು ಹೊದ್ದು, ಶಾಸ್ತ್ರ ಮಾಡಿದವರನ್ನೂ ಮಾಡಿಸಿದವರನ್ನೂ ಬೈದುಕೊಳ್ಳುತ್ತಾ ಸಂತೆಗೆ ಹೋದೆ.

ಬರುವಾಗ ಎದುರು ಮನೆಯಾಕೆ ಸಿಕ್ಕರು. ಮನೆಮಾತು ತೆಲುಗು, ಮನಸ್ಸು ಚಿನ್ನ. "ಅಯ್ಯೋ ತಲ್ಲೀ, ಹಿಂಗ್ಯಾಕೆ ನೆನೀತೀರಾ! ಬನ್ನಿ ಛತ್ರಿ ಕೆಳಕ್ಕೆ, ಮನೆ ತನಕ ಬಿಡ್ತೀನಿ. ದೊಡ್ಡ ಛತ್ರಿ. ನಿಮ್ದೇ!"

ಪೆಟ್ಟಿಗೆಗೆ ಆರತಿ

ಶಿಡ್ಲಘಟ್ಟದಲ್ಲಿ ದಸರಾ ಬಂದಾಗ ಗೊಂಬೆಗಳು ಎಂದಿನಂತೆ ಮರದ ಪೆಟ್ಟಿಗೆಯೊಳಗೆ, ಮುಚ್ಚಳಕ್ಕೆ ಮೊಳೆ. "ಮೊಳೆ ಕಿತ್ತರೆ ಪೆಟ್ಟಿಗೆ ಹಾಳಾಗುತ್ತೆ" ಎಂದರು ಯಜಮಾನರು. ಹೆಂಡತಿಯ ಮನಸ್ಸು ಹಾಳಾದರೆ ಅವರಿಗೆ ಪರವಾಗಿಲ್ಲ. ಸಿಟ್ಟಿನಲ್ಲಿ ಪೆಟ್ಟಿಗೆಯನ್ನೇ ನಡುಮನೆಯ ಮಣೆಯ ಮೇಲೆ ಎಳೆದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ ಆರತಿ ಎತ್ತಿದೆ.

ಸಂಜೆ ಕೇರಿಯ ಹೆಣ್ಣುಮಕ್ಕಳು ಬಂದರು. ಗೊಂಬೆ ನೋಡಲು ಬಂದ ಮಕ್ಕಳಿಗೆ ತಿಂಡಿ ಕೊಡುವುದು ಪದ್ಧತಿ.

"ಗೊಂಬೆ ಎಲ್ಲಿ ಅತ್ತೆ?"

"ಪೆಟ್ಟಿಗೇಲಿವೆ ಕಣಮ್ಮ. ಅಲ್ಲಿಂದಾನೇ ನಿಮ್ಮನ್ನ ನೋಡ್ತಾ ಇವೆ."

ಎಲ್ಲರಿಗಿಂತ ಚಿಕ್ಕವಳು ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ ಬಂದು ಗಾಬರಿಯಿಂದ ಕೇಳಿದಳು: "ಚಕ್ಕುಲೀನೂ ಒಳಗೇ ಇಟ್ಟು ಮೊಳೆ ಹೊಡೆದ್ರಾ?"

ಚಿಕ್ಕಬಳ್ಳಾಪುರದ ಭಾನುವಾರ

ಚಿಕ್ಕಬಳ್ಳಾಪುರಕ್ಕೆ ಬಂದ ವರ್ಷ ನೇರವಾಗಿ ಹೇಳಿದೆ: "ಈ ಸಲ ಗೊಂಬೆ ಕೂರಿಸದಿದ್ದರೆ ನಾನು ನಿಮ್ಮ ಜೊತೆ ಇನ್ನೊಂದು ಊರಿಗೆ ಬರಲ್ಲ." ಆಗಲಿ ಎಂದರು. ಹಾಗೆಂದವರು ಮಹಾಲಯ ಅಮಾವಾಸ್ಯೆಯ ಸಂಜೆ ಕಚೇರಿಯಿಂದ ಬಂದು, ಮಗಳು ಒರೆಸಿ ಸಾಲಾಗಿ ಇಟ್ಟಿದ್ದ ಗೊಂಬೆಗಳನ್ನೆಲ್ಲ ಹುಲ್ಲಿನಲ್ಲಿ ಸುತ್ತಿ, ಪೆಟ್ಟಿಗೆಗೆ ತುಂಬಿ, ಮೊಳೆ ಹೊಡೆದರು.

"ಮತ್ತೆ ವರ್ಗ ಅಂತ ಸುದ್ದಿ ಕಣೇ. ನಾಲ್ಕು ದಿನದ ಆಟಕ್ಕೆ ಯಾಕೆ ಹರಡಿಕೊಳ್ಳೋದು?"

ಮಗಳು ಅಳಲಿಲ್ಲ. ಒರೆಸುವ ಬಟ್ಟೆಯನ್ನು ಮಡಿಸಿಟ್ಟು ಒಳಗೆ ಹೋದಳು. ಅತ್ತಿದ್ದರೆ ನಾನು ಅವಳನ್ನು ಸಮಾಧಾನ ಮಾಡಿ ಸುಮ್ಮನಾಗುತ್ತಿದ್ದೆನೋ ಏನೋ.

ಮಾರನೆಯ ದಿನ ಪಾಡ್ಯ, ಭಾನುವಾರ. ಯಜಮಾನರು ಎಣ್ಣೆ ಹಚ್ಚಿಕೊಂಡು ಬಚ್ಚಲುಮನೆ ಸೇರಿದರು. ನಾನು ಹಾರೆ ಕೊಟ್ಟು ಮೀಟಿ ಮುಚ್ಚಳ ತೆಗೆದೆ. ನಡುಮನೆಯ ಮೂಲೆಯಲ್ಲಿ ಟ್ರಂಕು, ಹಲಗೆಗಳನ್ನು ಜೋಡಿಸಿ ಎತ್ತರಕ್ಕೆ ಮೆಟ್ಟಿಲು ಮಾಡಿದೆ. ಅವರ ಮಡಿ ಪಂಚೆಯನ್ನೇ ಅದರ ಮೇಲೆ ಹಾಸಿದೆ. ಮಗಳು ರಾಜ ರಾಣಿಯನ್ನು ಮೇಲೆ ಕೂರಿಸಿದಳು. ಪೆಟ್ಟಿಗೆ ಖಾಲಿಯಾಗಿತ್ತು. ಅದನ್ನು ನೋಡಿ ನನಗೆ ಇನ್ನೊಂದು ಯೋಚನೆ ಬಂತು. ಅವರ ಉಳಿದ ಪಂಚೆ, ಅಂಗಿ, ಕೋಟು, ಎಲ್ಲವನ್ನೂ ಅದಕ್ಕೆ ತುಂಬಿ ಅದೇ ಮೊಳೆಗಳನ್ನು ಹೊಡೆಯತೊಡಗಿದೆ.

"ಏನೇ ಅದು ಸದ್ದು?" ಬಚ್ಚಲಿನಿಂದ ಕೇಳಿದರು.

"ಸಾಮಾನು ಕಟ್ತಾ ಇದ್ದೀನ್ರೀ."

"ಈಗ ಬಂತು ನೋಡು ಬುದ್ಧಿ!"

ಟವೆಲ್ಲು ಸುತ್ತಿಕೊಂಡು ಈಚೆಗೆ ಬಂದವರು ಪಂಚೆ ಕೇಳಿದರು. "ಭಾನುವಾರ ಕಚೇರಿಯಿಲ್ಲ. ನಿಮ್ಮ ಬಟ್ಟೆ ಈಗ ಬೇಡದ್ದು, ಕಟ್ಟಿಟ್ಟೆ" ಎಂದೆ. ಅವರ ಕಣ್ಣು ಮೆಟ್ಟಿಲಿನ ಮೇಲಿದ್ದ ಪಂಚೆಯತ್ತ ಹೋಯಿತು. "ಮುಟ್ಟಿ ನೋಡಣ!" ಎಂದು ಅಡ್ಡ ನಿಂತೆ. ಅಷ್ಟರಲ್ಲಿ ಬಾಗಿಲಲ್ಲಿ ಬಳೆ ಸದ್ದು. ಅವರ ಮೇಲಧಿಕಾರಿಗಳು, ಹೆಂಡತಿ, ಸೊಸೆ, ಬೀದಿಯ ನಾಲ್ಕಾರು ಹೆಂಗಸರು, ಎಲ್ಲರೂ ದೇವಸ್ಥಾನದಿಂದ ನೇರವಾಗಿ ಗೊಂಬೆ ನೋಡಲು ಬಂದಿದ್ದರು. ಯಜಮಾನರು ಟವೆಲ್ಲು ಹಿಡಿದುಕೊಂಡು ಗೊಂಬೆ ಮೆಟ್ಟಿಲಿನ ಹಿಂದಕ್ಕೆ ಹಾರಿದರು.

ಹೆಂಗಸರು ಜಮಖಾನದ ಮೇಲೆ ಕೂತರು. ಒಂದು ಹಾಡು ಮುಗಿಯಿತು. ಅಧಿಕಾರಿಗಳು ಹೇಳಿದರು: "ಯಜಮಾನರು ಇಲ್ವೇನಮ್ಮ? ವರ್ಗದ ಆರ್ಡರ್ ಬಂದಿದೆ. ನಾಳೇನೇ ಹೊರಡಬೇಕು. ಅವರೇ ಕೇಳಿಕೊಂಡರೆ ಹಬ್ಬದ ತನಕ ತಡೀಬಹುದು."

"ಅವರಿಗೆ ಬೇಗ ಹೊರಡೋದೇ ಇಷ್ಟ ಸಾರ್. ಈಗಲೇ ಗೊಂಬೆ ಇಳಿಸಿ ಮೆಟ್ಟಿಲು ಬಿಚ್ಚಿಬಿಡ್ತೀನಿ" ಎಂದು ರಾಜನಿಗೆ ಕೈಹಾಕಿದೆ.

"ಬೇಡ! ಇಳಿಸಬೇಡ ಕಣೇ!" ಮೆಟ್ಟಿಲಿನ ಹಿಂದಿನಿಂದ ಕೂಗು ಬಂತು. "ಸಾರ್, ವಿಜಯದಶಮಿ ಮುಗಿಯೋ ತನಕ ಟೈಮ್ ಕೊಡಿ ಸಾರ್! ಹಬ್ಬ ಮಾಡಲೇಬೇಕು ಸಾರ್!"

ಅಧಿಕಾರಿಗಳು ಬೆಚ್ಚಿಬಿದ್ದರು. "ಕೊಟ್ಟೆ ಕಣ್ರೀ. ಆದರೆ ಎಲ್ಲಿದ್ದೀರಿ? ಬನ್ನಿ ಈಚೆಗೆ."

"ಹೆಂಗಸರು ಏಳಲಿ ಸಾರ್, ಬರ್ತೀನಿ."

ಅಧಿಕಾರಿಗಳ ಹೆಂಡತಿ ಮೆಟ್ಟಿಲು ನೋಡಿದರು, ಮೊಳೆ ಹೊಡೆದ ಪೆಟ್ಟಿಗೆ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. ಅವರೂ ವರ್ಗದ ನೌಕರಿಯವರ ಹೆಂಡತಿಯೇ. ಸೆರಗು ಸರಿಮಾಡಿಕೊಂಡು, ಚಕ್ಕಳಮಕ್ಕಳ ಹಾಕಿ ಭದ್ರವಾಗಿ ಕೂತು ಹೇಳಿದರು: "ನಮಗೇನು ಅವಸರ? ದಶಾವತಾರದ ಹಾಡು ಇದೆಯಲ್ಲ, ಅದನ್ನ ಮತ್ಸ್ಯದಿಂದ ಶುರು ಮಾಡಣ."