ಕನಿಷ್ಠ ಭಯ ನಲವತ್ತು ಅಂಕ

ಕಂಪ್ಯೂಟರಿಗೆ ಹೆಚ್ಚು ಹೆದರುವ ನೌಕರರೇ ಹೆಚ್ಚು ಕರ್ತವ್ಯನಿಷ್ಠರು ಎಂಬುದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಡೆದ ಸಮೀಕ್ಷೆಯಿಂದ ನಿಸ್ಸಂದೇಹವಾಗಿ ಸಾಬೀತಾಗಿದೆ. ಹೆದರುವವರು ಯಂತ್ರವನ್ನು ಮುಟ್ಟದೆ, ಒಂದೇ ಪುಸ್ತಕವನ್ನು ಮೂರು ರಿಜಿಸ್ಟರಿನಲ್ಲಿ ಬರೆಯುತ್ತ ಸಂಜೆ ಏಳರವರೆಗೂ ಕೂತಿರುತ್ತಿದ್ದರು. ಹೆದರದ ಒಬ್ಬಳು ಮಾತ್ರ ಐದಕ್ಕೇ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದಳು.

ಕೂಡಲೇ ಸುತ್ತೋಲೆ ಹೊರಟಿತು: "ಬಡ್ತಿಗೆ ಕನಿಷ್ಠ ನಲವತ್ತು ಅಂಕಗಳ ಭಯ ಕಡ್ಡಾಯ. ಅನಾರೋಗ್ಯದ ಕಾರಣ ಹೆದರಲಾಗದವರು ವೈದ್ಯರ ಪ್ರಮಾಣಪತ್ರ ಲಗತ್ತಿಸತಕ್ಕದ್ದು."

ಐದಕ್ಕೆ ಮನೆಗೆ ಹೋಗುತ್ತಿದ್ದವಳು ಕೌಂಟರಿನ ಅಕ್ಕ. ಹತ್ತೊಂಬತ್ತು ವರ್ಷದಿಂದ ಅವಳಿಗೆ ಅದೇ ಮರದ ಸ್ಟೂಲು. ಈ ಸಲ ಬಡ್ತಿ ತಪ್ಪಿದರೆ ನಿವೃತ್ತಿಯೂ ಅದರ ಮೇಲೆಯೇ. ಸಮೀಕ್ಷೆಯಲ್ಲಿ ಅವಳ ಭಯ ನೂರಕ್ಕೆ ಮೂರು ಅಂಕ. ಆ ಮೂರೂ ಬಂದದ್ದು ಲಿಫ್ಟಿನ ಬಗ್ಗೆ ಕೇಳಿದ ಪ್ರಶ್ನೆಗೆ.

"ಅಕ್ಕಾ, ಹೆದರೋದೇನು ಬ್ರಹ್ಮವಿದ್ಯೆನಾ?" ಎಂದ, ತೊಂಬತ್ತೆಂಟು ಅಂಕ ಗಳಿಸಿದ್ದ ರಿಜಿಸ್ಟರ್ ಗುಮಾಸ್ತ. "ಮೌಸ್ ಕಂಡ್ರೆ ಹಾವು ಕಂಡ ಹಾಗೆ ಆಡಿ. ಹನ್ನೊಂದು ವರ್ಷದಿಂದ ನಾನು ಆಡ್ತಿಲ್ವಾ?"

"ಆಡ್ತಿದ್ದೀಯಾ? ಹಾಗಾದ್ರೆ ನಿಜವಾಗ್ಲೂ ಹೆದರಲ್ವೇನೋ ತಮ್ಮಾ?"

"ಶ್ಶ್! ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

ಸಂದರ್ಶನದಲ್ಲಿ ಮುಖ್ಯ ಗ್ರಂಥಪಾಲಕರು ಕಂಪ್ಯೂಟರಿನ ಗುಂಡಿ ಒತ್ತಿದರು. ಅಕ್ಕ ಕಣ್ಣು ಮುಚ್ಚಿ, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು, "ಬೇಡ ಸಾರ್, ನಾನು ಮಕ್ಕಳೊಂದಿಗಳು!" ಎಂದು ಚೀರಿದಳು. ಬಡ್ತಿ ಸಮಿತಿಯವರ ಕಣ್ಣುಗಳು ತೇವವಾದವು. ನಲವತ್ತೊಂದು ಅಂಕ. ಬಡ್ತಿ ಮಂಜೂರಾಯಿತು.

ಎಲ್ಲರೂ ಕೌಂಟರಿಗೆ ಬಂದು ಆದೇಶ ಮುದ್ರಿಸಹೊರಟಾಗ ಅಲ್ಲಿನ ಕಂಪ್ಯೂಟರ್ ಕೆಟ್ಟು ಕೂತಿತು. ಇಡೀ ಕಟ್ಟಡದಲ್ಲಿ ಅದನ್ನು ಸರಿಮಾಡಬಲ್ಲವಳು ಅಕ್ಕ ಒಬ್ಬಳೇ. ಮುಟ್ಟಿದರೆ ಭಯ ಹೋಯಿತು, ಭಯ ಹೋದರೆ ಬಡ್ತಿ ಹೋಯಿತು. ಮುಟ್ಟದಿದ್ದರೆ ಆದೇಶವೇ ಹೊರಬರುವುದಿಲ್ಲ. ಅಕ್ಕ ಸ್ಟೂಲು ನೋಡಿದಳು.

ಮುಖ್ಯ ಗ್ರಂಥಪಾಲಕರು ಅನುಭವಸ್ಥರು. "ಎಲ್ಲಾರೂ ಎರಡು ನಿಮಿಷ ಗೋಡೆ ಕಡೆ ತಿರುಗ್ರಪ್ಪಾ," ಎಂದು ಹೇಳಿ, ಮೊದಲು ತಾವೇ ತಿರುಗಿದರು. ಬೆನ್ನ ಹಿಂದೆ ಸ್ಟೂಲು ಸರಿದ ಸದ್ದು, ಕೀಲಿಮಣೆಯ ಟಕಟಕ, ಆಮೇಲೆ ಪ್ರಿಂಟರಿನ ಗೊರಗೊರ.

ಕಡತದಲ್ಲಿ ದಾಖಲಾಯಿತು: "ಯಾರೂ ಮುಟ್ಟದೆ ಯಂತ್ರವು ತಾನಾಗಿಯೇ ಸರಿಹೋಗಿರುತ್ತದೆ."

ಈಗ ದಿನಾ ಹನ್ನೊಂದಕ್ಕೆ ಗಂಟೆ ಬಾರಿಸುತ್ತಾರೆ. ಸಿಬ್ಬಂದಿಯೂ, ಸಾಲಿನಲ್ಲಿ ನಿಂತ ವಿದ್ಯಾರ್ಥಿಗಳೂ ಗೋಡೆ ನೋಡುತ್ತಾರೆ. ಯಾರೂ ಮುಟ್ಟದ ಯಂತ್ರ ಬೆನ್ನ ಹಿಂದೆ ತಾನೇ ಕೆಲಸ ಮಾಡುವ ಸದ್ದು ಕೇಳಿ ಕೇಳಿ, ಈ ವರ್ಷ ಎಲ್ಲರ ಭಯವೂ ನೂರಕ್ಕೆ ನೂರಾಗಿದೆ. ಗುಮಾಸ್ತನಿಗೆ ಈಗ ಆಡುವ ಅಗತ್ಯವೇ ಇಲ್ಲ.

ಅಕ್ಕನ ನಿಷ್ಠೆಯೂ ಹೆಚ್ಚಿದೆ. ಕೆಲಸ ಐದಕ್ಕೇ ಮುಗಿಯುತ್ತದೆ. ಮನೆಗೆ ಏಳಕ್ಕೆ ಹೋಗುತ್ತಾಳೆ.