ತಂಗಿಯ ದಿಬ್ಬಣ ಮತ್ತು ಮಾವನ ಎಂಜಿನ್ನು

ಯಾವ ಕೆಲಸ ಕಂಡರೆ ನಾನು ದೂರ ಓಡುತ್ತೇನೋ ಅದೇ ಕೆಲಸ ನನ್ನನ್ನು ಹುಡುಕಿಕೊಂಡು ಬರುತ್ತದೆ. ಇದು ಇವತ್ತು ನಿನ್ನೆಯ ಕತೆಯಲ್ಲ. ಬ್ರಿಟಿಷರ ಕಾಲ, ಮೂವತ್ತರ ದಶಕ. ಅಂಕೋಲೆಯಲ್ಲಿ ಸೈಕಲ್ ರಿಪೇರಿ ಮಾಡಿಕೊಂಡು ತಣ್ಣಗಿದ್ದ ನನ್ನ ತಲೆಯ ಮೇಲೆ ಒಂದು ಲಾಂಚಿನ, ಎಂದರೆ ಯಂತ್ರದ ದೋಣಿಯ, ಎಂಜಿನ್ನು ಬಂದು ಬಿತ್ತು.

ಎರಡಕ್ಕೂ ಚಕ್ರ

ತಂಗಿಗೆ ಕಾರವಾರದ ಸಂಬಂಧ ಕೂಡಿಬಂತು. ನಮ್ಮ ಸೋದರಮಾವನ ಬಾಯಿ ಸುಮ್ಮನಿರಬೇಕಲ್ಲ! "ನಮ್ಮ ದಿಬ್ಬಣ ಎತ್ತಿನ ಗಾಡಿಯಲ್ಲಿ ಬರೂದಿಲ್ಲ, ಎಂಜಿನ್ ಲಾಂಚಿನಲ್ಲಿ ಬತ್ತದೆ" ಎಂದು ಬೀಗರಿಗೆ ಮಾತು ಕೊಟ್ಟು ಬಂದ. ಬೀಗರು ಕಡಲತಡಿಗೇ ವಾದ್ಯ ತರಿಸುತ್ತೇವೆಂದು ಊರಿಗೆಲ್ಲ ಸಾರಿದರು.

ಲಾಂಚೇನೋ ಇತ್ತು, ಬೇಲೇಕೇರಿಯಲ್ಲಿ ಮಾವನ ತೆಂಗಿನ ಮರದ ಬುಡದಲ್ಲಿ. ಅದರ ಹೊಟ್ಟೆಯೊಳಗೆ ಸತ್ತು ಬಿದ್ದ ಎಂಜಿನ್ನಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಗೋಧೂಳಿ ಮುಹೂರ್ತಕ್ಕೆ ಹೆಣ್ಣು ಕಾರವಾರ ಮುಟ್ಟದಿದ್ದರೆ ಸಂಬಂಧವೇ ಮುರಿಯುತ್ತದೆಂದು ಆಯಿ, ನನ್ನ ಅಮ್ಮ, ಅನ್ನ ಬಿಟ್ಟಳು.

"ನಂಗೆ ಎಂಜಿನ್ ಗೊತ್ತಿಲ್ಲ ಮಾವ" ಎಂದೆ.

"ಸೈಕಲ್ಲಿಗೆ ಎರಡು ಚಕ್ರ, ಇದಕ್ಕೆ ಒಂದೇ. ನಿಂಗೆ ಅರ್ಧ ಕೆಲಸ ಅಲ್ಲನಾ ಮಾರಾಯಾ!"

ಮೀನೆಣ್ಣೆ

ಕಾರವಾರದ ಲಾಂಚಿನವನೊಬ್ಬ ಹೇಳಿಕೊಟ್ಟ. ತುಕ್ಕು ಉಜ್ಜು, ಎಣ್ಣೆ ಹಾಕು, ಬುಸ್ಸೆಂದು ಉರಿ ಉಗುಳುವ ದೀಪ ಹಿಡಿದು ಎಂಜಿನ್ನಿನ ತಲೆಯನ್ನು ಕೆಂಪಗೆ ಕಾಯಿಸು, ಆಮೇಲೆ ಚಕ್ರ ತಿರುವು. ಚಿಮಣಿ ಎಣ್ಣೆ, ಅದೇ ಸೀಮೆಎಣ್ಣೆ, ತುಂಬಿದ ಟಾಕಿ ಪಕ್ಕದಲ್ಲೇ, ಕೈಯಲ್ಲಿ ಬೆಂಕಿ! ನಾನು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತುಕೊಂಡೆ.

ಎಣ್ಣೆ ಹಾಕುವ ಕೆಲಸ ಮಾವನೇ ಮುಗಿಸಿದ್ದ. ದೋಣಿಗೆ ಅಜ್ಜನ ಕಾಲದಿಂದ ಯಾವ ಎಣ್ಣೆ ಬಳಿಯುತ್ತೇವೋ ಅದನ್ನೇ, ಮೀನೆಣ್ಣೆಯನ್ನೇ, ಎಂಜಿನ್ನಿಗೂ ಸುರಿದಿದ್ದ. ತಲೆ ಕಾದದ್ದೇ ತಡ, ಚುಂಯ್ ಎಂದಿತು, ದಟ್ಟ ಹೊಗೆ ಎದ್ದಿತು. ಸುಟ್ಟದ್ದು ನನ್ನ ಕೈಯೇ ಎಂದುಕೊಂಡು ಕಿರುಚುತ್ತ ಹೊರಗೆ ಹಾರಿದೆ. ನೋಡಿದರೆ ಕೇರಿಯ ಬೆಕ್ಕುಗಳೆಲ್ಲ ಲಾಂಚಿನ ಸುತ್ತ ಸೇರಿವೆ. ಬೇಲಿಯಾಚೆಯ ಅಜ್ಜಿ ಮೂಗರಳಿಸಿ ಕೇಳಿದಳು:

"ತಮ್ಮಾ, ತಾರ್ಲೆ ಮೀನು ಹುರಿದದ್ದು ಆಯ್ತನಾ? ತಟ್ಟೆ ತರ್ಲಾ?"

ಪ್ರಸಾದ

ಮೀನೆಣ್ಣೆ ತೊಳೆದು ಸರಿಯಾದ ಎಣ್ಣೆ ಹಾಕಿದರೂ ಮನೆಯವರ ಹೆದರಿಕೆ ಹೋಗಲಿಲ್ಲ. ಮಾತು ಹೋದರೆ ಹೋಗಲಿ, ಗಾಡಿಯಲ್ಲೇ ಹೋಗುವಾ ಎಂದರು. ನನಗೆ ಒಳಗೊಳಗೇ ಖುಷಿ. ಕಡೆಗೆ ಆಯಿ, ಗುಡಿಯಲ್ಲಿ ದೇವರ ಮೇಲೆ ಹೂವಿಟ್ಟು ಪ್ರಸಾದ ಕೇಳುವ ಹಾಗೆ, ಎಂಜಿನ್ನಿನ ಚಕ್ರಕ್ಕೇ ಅಬ್ಬಲಿಗೆ ಹೂವಿನ ದಂಡೆ ಏರಿಸಿದಳು. ಹೂ ಬಲಕ್ಕೆ ಬಿದ್ದರೆ ಲಾಂಚು, ಎಡಕ್ಕೆ ಬಿದ್ದರೆ ಗಾಡಿ.

ಕಣ್ಣು ಮುಚ್ಚಿ ಹ್ಯಾಂಡಲ್ ತಿರುವಿದೆ. ಢಬ್! ಢಬ್ ಢಬ್ ಢಬ್! ಅಯ್ಯೋ ದೇವರೇ, ಜೀವ ಬಂದೇಬಿಟ್ಟಿತು! ದಂಡೆ ಹರಿದು ಹೂವು ಎಡಕ್ಕೆ, ಬಲಕ್ಕೆ, ನನ್ನ ಮುಖಕ್ಕೆ, ತೆರೆದುಕೊಂಡಿದ್ದ ಮಾವನ ಬಾಯಿಗೆ ಸಿಡಿಯಿತು. ಎಲ್ಲರೂ ಎದ್ದು ಬಿದ್ದು ಓಡಿದರು. ಮಾವ ಮಾತ್ರ ಬಾಯಿಂದ ಹೂ ತೆಗೆದು ಎತ್ತಿ ಹಿಡಿದ:

"ಬಲಗಡೆ ದವಡೆಗೇ ಬಿದ್ದದೆ! ಪ್ರಸಾದ ಆಯ್ತು, ಹೊರಡುವಾ!"

ಎದುರುಗಾಳಿ

ದಿಬ್ಬಣದ ದಿನ ಲಾಂಚನ್ನು ನೀರಿಗೆ ದೂಡಿದೆವು. ಚುಕ್ಕಾಣಿ ಹಿಡಿಯಲು ಹಾಯಿದೋಣಿ ನಡೆಸುತ್ತಲೇ ಹಣ್ಣಾದ ಮುದಿ ತಾಂಡೇಲ ಬಂದ. ಬಡಗಣ ಗಾಳಿ ಮುಖಕ್ಕೇ ಹೊಡೆಯುತ್ತಿತ್ತು. ಮೇಲೆ ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ದೇವರ ಹೆಸರು ಹೇಳುತ್ತಿದ್ದರು. ಕೆಳಗೆ ಎಂಜಿನ್ನಿನ ಪಕ್ಕ ನಾನು. ಅದು ಒಮ್ಮೆ ಕೆಮ್ಮಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಕಿಂಡಿಯಿಂದ ನೋಡಿದೆ, ದಾರಿಯ ಚೆಂಡಿಯಾ ಊರಿನ ಗುಡ್ಡ ಮೂಗಿನೆದುರಿಗೇ ಇತ್ತು. ಸ್ವಲ್ಪ ಹೊತ್ತಿಗೆ ಗುಡ್ಡವೇ ಇಲ್ಲ, ಬರೀ ಸಮುದ್ರ. ಮತ್ತೆ ನೋಡಿದರೆ ಅದೇ ಗುಡ್ಡ! ಹೊತ್ತು ಇಳಿಯುತ್ತಿತ್ತು. ಚುಕ್ಕಾಣಿ ಮುರಿಯಿತು, ತಂಗಿಯ ಮದುವೆ ಕೆಟ್ಟಿತು, ನಾವೂ ಮುಳುಗಿದೆವು ಎಂದು ಬೆವರುತ್ತ ಮೇಲೆ ಓಡಿದೆ. ತಾಂಡೇಲ ಹಾಯಿದೋಣಿಯ ರೂಢಿಯಂತೆ ಎದುರುಗಾಳಿಗೆ ಓರೆಯಾಗಿ, ಒಮ್ಮೆ ದಡದತ್ತ ಒಮ್ಮೆ ಕಡಲತ್ತ, ಲಾಂಚನ್ನು ಆರಾಮಾಗಿ ತಿರುಗಿಸುತ್ತ ಕೂತಿದ್ದ.

"ತಾಂಡೇಲ ಮಾಮಾ, ನೇರ ಬಿಡಿ! ಇದು ಎಂಜಿನ್ನು, ಇದಕ್ಕೆ ಗಾಳಿ ಬೇಡ!"

"ಅದು ನಂಗೆ ಗೊತ್ತುಂಟು ತಮ್ಮಾ. ಗಾಳಿಗೆ ಗೊತ್ತುಂಟಾ?"

ಹೆಣ್ಣೊಪ್ಪಿಸುವ ಶಾಸ್ತ್ರ

ನಾನು ಕೈಮುಗಿದ ಮೇಲೆ ತಾಂಡೇಲ ನೇರ ಬಿಟ್ಟ. ಸೂರ್ಯ ನೀರಿಗೆ ತಾಗುವ ಹೊತ್ತಿಗೆ ಕಾರವಾರದ ಮರಳು ಮುಟ್ಟಿದೆವು. ವಾದ್ಯ ಮೊಳಗಿತು, ಮುಹೂರ್ತ ತಪ್ಪಲಿಲ್ಲ. ಮಸಿ ಹಿಡಿದ ಮುಖದಲ್ಲೇ ನಾನು ಅತ್ತೇಬಿಟ್ಟೆ.

ಮರುದಿನ ಬೆಳಿಗ್ಗೆ ಹೆಣ್ಣೊಪ್ಪಿಸುವುದು. ಎಲ್ಲ ಮದುವೆಯಲ್ಲೂ ಆಗ ಅಳುವವಳು ಮದುಮಗಳು, ಸಮಾಧಾನ ಮಾಡುವವರು ತವರಿನವರು. ನಾನು ಲಾಂಚು ಚಾಲು ಮಾಡಿ ಬಂದೆ. ಆ ಢಬ್ ಢಬ್ ಕೇಳಿದ್ದೇ ತಡ, ಆಯಿ ಗೋಳೋ ಎಂದಳು. ಅತ್ತೆ, ಚಿಕ್ಕಮ್ಮ ಎಲ್ಲ ಮದುಮಗಳನ್ನು ಗಟ್ಟಿಯಾಗಿ ತಬ್ಬಿಕೊಂಡರು, ಬಿಡಿಸಿದರೂ ಬಿಡಲೊಲ್ಲರು. ಮಾವನೂ ಮೂಗೊರೆಸಿಕೊಳ್ಳುತ್ತ ಬೀಗರ ಮನೆಯ ಕಂಬ ಹಿಡಿದು ನಿಂತ. ಬೀಗಿತ್ತಿಯ ಕಣ್ಣೂ ತುಂಬಿಬಂತು.

"ಹುಡುಗಿ ಮೇಲೆ ಎಂಥಾ ಮಾಯೆ ಮಮತೆ ಇವ್ರಿಗೆ! ಇಡೀ ದಿಬ್ಬಣವೇ ಅಳ್ತದೆ!"

ತಂಗಿಯ ಕಣ್ಣಲ್ಲಿ ಒಂದು ಹನಿಯಿಲ್ಲ. ನನಗೆ ಬೇಜಾರಾಗಿ ಮೆಲ್ಲಗೆ ಕೇಳಿದೆ, "ನಿಂಗೆ ಅಳು ಬರೂದಿಲ್ಲನೇ?"

"ನಾನ್ಯಾಕೆ ಅಳ್ಲಿ ಅಣ್ಣಾ? ಆ ಲಾಂಚಲ್ಲಿ ವಾಪಸ್ ಹೋಗ್ಬೇಕಾದವ್ರು ನೀವಲ್ಲನಾ?"