ಲಾಗ್ ಟೇಬಲ್ಲಿನಲ್ಲಿ ಕಳೆದುಹೋದ ಒಂದು

ನಮ್ಮ ಸೋದರಮಾವನಿಗೆ ದೇವರ ಮೇಲೆ ಪೂರ್ತಿ ನಂಬಿಕೆ. ಪೂಜಾರಿಯ ಮೇಲೆ ಮಾತ್ರ ಇರಲಿಲ್ಲ! ಒಡೆದ ಕಾಯಿ ಕೈಗೆ ಬಂದೊಡನೆ ಎರಡು ಹೋಳನ್ನೂ ಜೋಡಿಸಿ, ಸರಿಯಾಗಿ ಕೂತರೆ ಮಾತ್ರ ತೀರ್ಥಕ್ಕೆ ಕೈಯೊಡ್ಡುತ್ತಿದ್ದರು. ತಮ್ಮ ತೋಟದ ಕಾಯಿ ಕೊಟ್ಟು ಯಾರದೋ ತೋಟದ ಹೋಳು ತರುವಷ್ಟು ದಡ್ಡರೇ ಅವರು?

ಎಪ್ಪತ್ತರ ದಶಕದಲ್ಲಿ ತಿಪಟೂರಿನಲ್ಲಿ ಪಿಯುಸಿ ಓದಲು ನಾನು ಅವರ ಮನೆಯಲ್ಲಿದ್ದೆ. ಒಂದು ದಿನ ನನ್ನ ಲಾಗ್ ಟೇಬಲ್ ಅವರ ಕಣ್ಣಿಗೆ ಬಿತ್ತು. ಗುಣಿಸುವ ಬದಲು ಇದನ್ನು ನೋಡಿ ಕೂಡಿದರೆ ಸಾಕು ಎಂದೆ.

“ಗುಣಾಕಾರಾನ ಕೂಡೋದ್ರಲ್ಲೇ ಮುಗಿಸ್ತಾರಾ? ಏನೋ ಮೋಸ ಐತೆ ಕಣ್ಲಾ!”

ತನಿಖೆ ಶುರುವಾಯಿತು. ಎರಡರ ಲಾಗು 0.3010, ಮೂರರದು 0.4771. ಕೂಡಿದರೆ 0.7781. ಎರಡು ಮೂರಲೆ ಆರು ತಾನೇ? ಆರರ ಲಾಗು ನೋಡಿದರೆ 0.7782! ಮಾವ ಎದ್ದೇ ನಿಂತರು.

“ಒಂದು ಕಮ್ಮಿ ಬಂತಲ್ಲೋ! ಯಾವನು ತಿಂದ?”

“ಯಾರೂ ತಿಂದಿಲ್ಲ ಮಾವ. ಮುಂದಿನ ಅಂಕಿಗಳನ್ನ ಕತ್ತರಿಸಿರ್ತಾರೆ. ಕೊನೇ ಅಂಕಿ ಒಂದು ಹೆಚ್ಚುಕಮ್ಮಿ ಇರ್ತೈತೆ, ಬುಟ್ಬುಡ್ಬೇಕು.”

ಬಿಡುವುದೇ? ಅವರ ಮನೆಯಲ್ಲಿ ಅಂಥ ಪದವೇ ಇರಲಿಲ್ಲ! ಇದನ್ನು ಮೊದಲು ಮಾಡಿದವನು ಯಾರು ಎಂದು ಕೇಳಿದರು. ಮುನ್ನೂರೈವತ್ತು ವರ್ಷಕ್ಕೂ ಹಿಂದೆ ಸ್ಕಾಟ್ಲೆಂಡಿನ ಜಮೀನ್ದಾರನೊಬ್ಬ ಇಪ್ಪತ್ತು ವರ್ಷ ಲೆಕ್ಕ ಹಾಕಿದನಂತೆ, ಲಂಡನ್ನಿನ ಮೇಷ್ಟ್ರೊಬ್ಬರು ಅವನನ್ನು ಕಾಣಲು ಅಷ್ಟು ದೂರ ಬಂದಾಗ ಇಬ್ಬರೂ ಕಾಲು ಗಂಟೆ ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದರಂತೆ ಎಂದೆ.

“ಇಬ್ರಿಗೂ ಅನುಮಾನ ಕಣ್ಲಾ!”

ಅಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು. ಆ ಜಮೀನ್ದಾರ ಕಳ್ಳನನ್ನು ಹಿಡಿದ ಕಥೆಯನ್ನೂ ಹೇಳಿಬಿಟ್ಟೆ. ಹುಂಜಕ್ಕೆ ಮಸಿ ಬಳಿದು ಕತ್ತಲೆ ಕೋಣೆಯಲ್ಲಿ ಬಿಟ್ಟು, ‘ಕಳ್ಳ ಮುಟ್ಟಿದರೆ ಕೂಗುತ್ತದೆ’ ಎಂದು ಆಳುಗಳನ್ನು ಮುಟ್ಟಿ ಬರಲು ಕಳಿಸಿದನಂತೆ. ಕಳ್ಳ ಹೆದರಿ ಮುಟ್ಟಲಿಲ್ಲ. ಅವನ ಕೈಯೊಂದೇ ಶುಭ್ರವಾಗಿತ್ತು!

ಮಾವನ ಕಣ್ಣು ಮಿಂಚಿತು. ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದ್ದ ಕಾಯಿ ಕೆಲವು ದಿನಗಳಿಂದ ಕಮ್ಮಿಯಾಗುತ್ತಿದ್ದವು. ಶಿವಪೂಜೆಯ ಮನೆಗೆ ಹುಂಜ ಎಲ್ಲಿಂದ ಬರಬೇಕು? ಒಂದು ಕಾಯಿಗೇ ತಮ್ಮ ಕೈಯಾರೆ ಮಸಿ ಬಳಿದು ಕತ್ತಲೆ ಅಟ್ಟದಲ್ಲಿಟ್ಟರು.

“ಕದ್ದೋರು ಮುಟ್ಟಿದ್ರೆ ಕಾಯಿ ಗುಡುಗುಡು ಅಂತೈತೆ. ಸಿಕ್ಕೋರು ಇವತ್ತೇ ಮನೆಯಿಂದಾಚೆ!”

ಆಳುಗಳು ಒಬ್ಬೊಬ್ಬರಾಗಿ ಹತ್ತಿ ಇಳಿದರು. ನಾನೂ ಹತ್ತಿದೆ, ಅತ್ತೆಯೂ ಹತ್ತಿದರು. ಎಲ್ಲರೂ ಕೈ ಚಾಚಿದೆವು, ಎಲ್ಲವೂ ಕಪ್ಪು. ಅತ್ತೆಯ ಕೈ ಮಾತ್ರ ಸೆರಗಿನೊಳಗಿತ್ತು. ಮಾವ ಸೆರಗು ಸರಿಸಿದರು. ಅರಿಶಿನದ ಬಣ್ಣದ, ಚೂರೂ ಮಸಿಯಿಲ್ಲದ ಕೈ! ಕಂಡದ್ದು ಮಾವನಿಗೂ ಪಕ್ಕದಲ್ಲಿದ್ದ ನನಗೂ ಮಾತ್ರ.

ಮಾವ ತಮ್ಮ ಮಸಿ ಕೈಗಳಲ್ಲಿ ಅತ್ತೆಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಎತ್ತಿ ಎಲ್ಲರಿಗೂ ತೋರಿಸಿದರು.

“ಎಲ್ರುದೂ ಕಪ್ಪಗೇ ಐತೆ. ಹೋಗ್ರಪ್ಪ, ಕೆಲ್ಸ ನೋಡ್ರಿ.”

ಆಳುಗಳು ಹೋದ ಮೇಲೆ ಮೆಲ್ಲಗೆ ಕೇಳಿದರು: “ಯಾರಿಗೆ ಕೊಟ್ಟೆ?”

“ಅನುಮಾನ ಅಂತ ಓಡ್ಸಿದ್ರಲ್ಲ, ಆ ಕಾಯಿ ಸುಲಿಯೋನ ಮಗಳು ಬಾಣಂತಿ ಕಣ್ರೀ. ಕೊಬ್ರಿ ಬ್ಯಾಡ್ವಾ ಅವ್ಳಿಗೆ?”

ಮಾವ ಅಟ್ಟ ಹತ್ತಿದರು. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಗುಡುಗುಡು ಎಂದ ಒಳ್ಳೆಯವನ್ನೇ ಆರಿಸಿ ಚೀಲ ತುಂಬಿ ನನ್ನ ಹೆಗಲಿಗೇರಿಸಿದರು.

“ಅವರ ಮನೆಗೆ ಕೊಟ್ಟು, ನಾಳೆಯಿಂದ ಅವನ್ನ ಕೆಲ್ಸಕ್ಕೆ ಬರಕ್ಕೇಳು.”

“ಎಷ್ಟು ಕಾಯಿ ಅಂತ ಎಣಿಸ್ಲಾ ಮಾವ?”

“ಬುಡ್ಲಾ,” ಎಂದರು, ಅತ್ತೆಯ ಕಡೆ ನೋಡುತ್ತ. “ಕೊನೇ ಅಂಕಿ ಹೆಚ್ಚುಕಮ್ಮಿ ಇರ್ತೈತೆ ಅಂತ ನೀನೇ ಹೇಳಿದ್ಯಲ್ಲ!”